ಗಜನಿಯ ಅಂಚಿನ ಹೂವು

ಅಘನಾಶಿನಿ ಹೊಳೆ ಕಡಲನ್ನು ಕೂಡುವ ಮೊದಲು ಅವಸರವನ್ನೆಲ್ಲ ಬಿಟ್ಟು ಅಗಲವಾಗಿ ಹರಡಿಕೊಳ್ಳುತ್ತದೆ. ಕುಮಟಾ ತಾಲ್ಲೂಕಿನ ಆ ಅಳಿವೆಯ ಇಕ್ಕೆಲದ ಕೆಸರು ನೆಲದ ಮೇಲೆ ದಿನಕ್ಕೆರಡು ಬಾರಿ ಉಪ್ಪುನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಕಟ್ಟೆಯ ಮೇಲೆ ನಿಂತು ನೋಡಿದವರಿಗೆ ಕಾಂಡ್ಲಾ ಗಿಡಗಳ ಹಸಿರು ಮುಗಿದು ಬರಿಯ ಕೆಸರು ತೊಡಗುವ ನಡುವಣ ಎಡೆಯಲ್ಲಿ ನೆಲಕ್ಕಂಟಿಕೊಂಡ ಕೆಂಪು ದಂಟಿನ ಹಾಸೊಂದು ಕಾಣುತ್ತದೆ. ಬಾಗಿ ನೋಡಿದರೆ ಮಾತ್ರ ಅದರ ದಪ್ಪ ಎಲೆ, ಎಲೆಯ ಕಂಕುಳಲ್ಲಿ ಒಂಟಿಯಾಗಿ ಕುಳಿತ ತಿಳಿಗುಲಾಬಿ ಬಣ್ಣದ ನಕ್ಷತ್ರದಂತಹ ಹೂ ಕಣ್ಣಿಗೆ ಬೀಳುತ್ತವೆ. ಬಿಸಿಲೇರಿದ ಮೇಲೆ ಬಿರಿದು ಸಂಜೆಯ ಹೊತ್ತಿಗೆ ಮುದುಡಿಕೊಳ್ಳುವ ಹೂವದು. ದೇವರ ಮುಡಿಗೆ ಸಲ್ಲದ, ಪೇಟೆಗೆ ಹೋಗದ, ಹೆಣ್ಣುಮಕ್ಕಳ ಜಡೆಯನ್ನೂ ಏರದ ಈ ಹೂವನ್ನು ಬಾಗಿ ನೋಡುವ ಕಾರಣ ಆ ಊರಿನ ಹೆಚ್ಚಿನವರಿಗೆ ಒದಗುವುದಿಲ್ಲ.

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ ಊರಿಗೆ ಮರಳಿದ ಅಧ್ಯಾಪಕರೊಬ್ಬರಿಗೆ ಅಂಥದೊಂದು ಕಾರಣ ಒದಗಿತು. ಹೊಳೆಯ ದಂಡೆಯಲ್ಲಿ ಅವರ ಮನೆತನಕ್ಕೆ ಎರಡೂವರೆ ಎಕರೆ ಗಜನಿ ಭೂಮಿಯಿತ್ತು. ಕಟ್ಟೆ ಒಡೆದು ಹನ್ನೆರಡು ವರ್ಷಗಳಾಗಿದ್ದುದರಿಂದ ಅಲ್ಲಿ ಭತ್ತ ಬೆಳೆದು ಅಷ್ಟೇ ಕಾಲವಾಗಿತ್ತು. ಭತ್ತವಿದ್ದ ಜಾಗವನ್ನೆಲ್ಲ ಈ ಗಿಡ ಹಿಡಿದುಕೊಂಡಿತ್ತು. 2023ರ ಮಳೆಗಾಲದಲ್ಲಿ ಬೆಳೆ ಸಮೀಕ್ಷೆಗೆಂದು ಬಂದ ಹುಡುಗನೊಬ್ಬ ಮೊಬೈಲ್ ಫೋನನ್ನು ಎತ್ತಿ ಹಿಡಿದು ಹೊಲದ ಚಿತ್ರ ತೆಗೆದುಕೊಂಡ. ಬೆಳೆಯ ಹೆಸರಿನ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸಿದ. ಕೊನೆಗೆ, “ಸರ್, ಬೀಳು ಅಂತ ಹಾಕ್ತೆ ಅಕಾ?” ಎಂದು ಕೇಳಿದ. ಅಧ್ಯಾಪಕರು ಒಪ್ಪಲಿಲ್ಲ, ಒಪ್ಪದಿರುವುದಕ್ಕೆ ಅವರಲ್ಲಿ ಬೇರೆ ಪದವೂ ಇರಲಿಲ್ಲ. ಜೀವಮಾನವೆಲ್ಲ ಪದಗಳ ನಡುವೆ ಕಳೆದವರಿಗೆ ಇದು ಸಣ್ಣ ಸೋಲೇನಲ್ಲ.

ಸಸ್ಯಶಾಸ್ತ್ರದಲ್ಲಿ ಈ ಗಿಡದ ಹೆಸರು ಸೆಸುವಿಯಮ್ ಪೋರ್ಟುಲಕಾಸ್ಟ್ರಮ್. 1753ರಲ್ಲಿ ಲಿನೇಯಸ್ ಇದನ್ನು ಗೋಣಿಸೊಪ್ಪಿನ ಕುಲವಾದ ಪೋರ್ಟುಲಕಕ್ಕೆ ಸೇರಿಸಿದ್ದ. 1759ರಲ್ಲಿ ಅವನೇ ಅದನ್ನು ಅಲ್ಲಿಂದ ಬಿಡಿಸಿ ಬೇರೊಂದು ಕುಲದಲ್ಲಿಟ್ಟ. ಹಳೆಯ ನೆಂಟಸ್ತನದ ನೆನಪು ಮಾತ್ರ ‘ಗೋಣಿಸೊಪ್ಪನ್ನು ಹೋಲುವ’ ಎಂಬ ಎರಡನೆಯ ಪದದಲ್ಲಿ ಉಳಿದುಬಂದಿದೆ. ಮೊದಲ ಪದವು ಸೀಸರನ ಬರವಣಿಗೆಯಲ್ಲಿ ಬರುವ ಗಾಲ್ ದೇಶದ ಬುಡಕಟ್ಟೊಂದರ ಹೆಸರಿನಿಂದ ಬಂದುದೆಂದು ಹೇಳುತ್ತಾರೆ. ಉಷ್ಣವಲಯದ ಕಡಲಂಚುಗಳಲ್ಲಿ ಹಬ್ಬಿರುವ ಈ ಬಳ್ಳಿಗೂ ಆ ಬುಡಕಟ್ಟಿಗೂ ಏನು ಸಂಬಂಧವೋ ಹೆಸರಿಟ್ಟವರಿಗೇ ಗೊತ್ತು. ಹೆಸರಿನ ಇತಿಹಾಸವು ವಸ್ತುವಿನ ಇತಿಹಾಸವಾಗಿರಬೇಕಿಲ್ಲ ಎಂಬುದನ್ನು ಭಾಷಾವಿಜ್ಞಾನದ ತರಗತಿಯಲ್ಲಿ ಹೇಳುತ್ತಿದ್ದ ಅಧ್ಯಾಪಕರಿಗೆ ಅದಕ್ಕೊಂದು ಒಳ್ಳೆಯ ಉದಾಹರಣೆ ನಿವೃತ್ತಿಯ ಅನಂತರವಷ್ಟೇ ಸಿಕ್ಕಿತು.

ಅವರ ತಾಯಿ ಅದನ್ನು ‘ಹೊಳೆಬದಿ ಸೊಪ್ಪು’ ಎನ್ನುತ್ತಿದ್ದರು. ಅದು ಹೆಸರಲ್ಲ, ವಿಳಾಸ. ಹೊಳೆಬದಿಯಲ್ಲಿ ಬೇರೆ ಸೊಪ್ಪುಗಳೂ ಇದ್ದುವು. ಆದರೆ ಮನೆಯೊಳಗೆ ಆ ಮಾತನ್ನಾಡಿದರೆ ಎಲ್ಲರಿಗೂ ಈ ಗಿಡವೇ ಅರ್ಥವಾಗುತ್ತಿತ್ತು.

ಇಲ್ಲಿ ಗಜನಿ ಎಂಬ ಪದದ ಬಗೆಗೆ ನಾಲ್ಕು ಮಾತು ಹೇಳಬೇಕು. ಉಪ್ಪು ಹಿಡಿದ ನೆಲವನ್ನು ಕರ್ನಾಟಕದ ಒಳನಾಡಿನಲ್ಲಿ ಸವುಳು, ಚೌಳು ಎನ್ನುತ್ತಾರೆ. ಕೃಷ್ಣಾ, ತುಂಗಭದ್ರಾ ಕಾಲುವೆಗಳ ಕೆಳಗಿನ ರೈತರು ಸವುಳು–ಜವುಳು ಎಂದು ಜೋಡಿಸಿ ಹೇಳುವಾಗ ಆ ಜೋಡುನುಡಿಯಲ್ಲಿ ಕೇಳಿಸುವುದು ಸಂಕಟ. ಇದ್ದ ಫಲವತ್ತಾದ ಭೂಮಿ ಅತಿಯಾದ ನೀರಿನಿಂದ ಕೆಟ್ಟುಹೋಯಿತು ಎಂಬ ದುಃಖ ಆ ಪದಗಳೊಳಗೆ ಅಡಗಿದೆ. ಕರಾವಳಿಯ ಗಜನಿ ಹಾಗಲ್ಲ. ಅದು ಕೆಟ್ಟ ನೆಲವಲ್ಲ, ಹುಟ್ಟಿನಿಂದಲೇ ಉಪ್ಪಿನ ನೆಲ. ಹೊಳೆಗೂ ಊರಿಗೂ ನಡುವೆ ಆದ ಒಪ್ಪಂದವೆಂದು ಅದನ್ನು ತಿಳಿಯಬಹುದು. ಮಳೆಗಾಲದ ನಾಲ್ಕು ತಿಂಗಳು ನೆಲ ಮನುಷ್ಯನದು, ಉಳಿದ ಕಾಲ ಹೊಳೆಯದು. ಜೂನಿನಲ್ಲಿ ಮಳೆ ಸುರಿದು ಮೇಲ್ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜವನ್ನು ಎರಚುತ್ತಾರೆ. ಎತ್ತರಕ್ಕೆ ಬೆಳೆಯುವ, ಕೆಂಪಕ್ಕಿ ಕೊಡುವ ಈ ತಳಿ ಉಪ್ಪನ್ನೂ ತಾಳುತ್ತದೆ, ಹಲವು ದಿನ ನೀರಿನಡಿ ಮುಳುಗಿದರೂ ತಾಳುತ್ತದೆ. ಗೊಬ್ಬರ, ಔಷಧಿಗಳ ಗೊಡವೆ ಅದಕ್ಕಿಲ್ಲ. ಕೊಯ್ಲಾದ ಮೇಲೆ ಜಂತ್ರದ ಬಾಗಿಲು ತೆರೆದು ಹೊಳೆಯ ನೀರನ್ನು ಒಳಬಿಡುತ್ತಾರೆ. ಉಳಿದ ಕೂಳೆ ಕೊಳೆತು ಶೆಟ್ಲಿ, ಏಡಿ, ಕಾಗಳಸಿಗಳಿಗೆ ಆಹಾರವಾಗುತ್ತದೆ. ಒಂದೇ ನೆಲದಲ್ಲಿ ಅಕ್ಕಿಯೂ ಮೀನೂ ಬೆಳೆಯುವ ಈ ಏರ್ಪಾಡಿಗೆ ಒಂದು ಕರಾರಿದೆ: ಯಾರೊಬ್ಬರೂ ಒಂಟಿಯಾಗಿ ಅದನ್ನು ನಡೆಸಲಾರರು. ಕಟ್ಟೆ ಎಲ್ಲರದು, ಬಾಗಿಲು ಎಲ್ಲರದು. ಒಬ್ಬನ ಗದ್ದೆಗೆ ನುಗ್ಗಿದ ನೀರು ಪಕ್ಕದವನ ಗದ್ದೆಯ ಅಂಚಿನಲ್ಲಿ ನಿಂತು ಅಪ್ಪಣೆ ಕೇಳುವುದಿಲ್ಲ.

ಮಣ್ಣಿನ ಕಟ್ಟೆಗಳಿದ್ದ ಕಾಲದಲ್ಲಿ ಪ್ರತಿವರ್ಷವೂ ಊರವರೇ ಸೇರಿ ಅವನ್ನು ಮೆತ್ತಿ ಸರಿಪಡಿಸುತ್ತಿದ್ದರು. 1970ರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯಡಿ ಚಿರೆಕಲ್ಲಿನ ಗಟ್ಟಿ ಕಟ್ಟೆಗಳು ಬಂದುವು. ಕಟ್ಟೆ ಸರಕಾರದ್ದಾದ ಮೇಲೆ ಅದನ್ನು ಮೆತ್ತುವ ಕೆಲಸವೂ ಸರಕಾರದ್ದೇ ಎಂಬ ಭಾವನೆ ಬೆಳೆಯಿತು. ಆಮೇಲೆ ಸೀಗಡಿ ಕೃಷಿಯ ಭರಾಟೆ. ಭತ್ತಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಹಣ ಕಂಡವರಿಗೆ ಜಂತ್ರದ ಬಾಗಿಲನ್ನು ವರ್ಷವಿಡೀ ತೆರೆದಿಡುವುದೇ ಲಾಭವಾಯಿತು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯುದ್ದಕ್ಕೂ ಸೀಗಡಿ ಹೊಂಡಗಳು ಬರಿದಾದುವು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ, ಸಾಂಪ್ರದಾಯಿಕ ಪದ್ಧತಿಗಳ ಹೊರತು, ಇಂಥ ಹೊಂಡಗಳನ್ನು ನಿಷೇಧಿಸುವ ತೀರ್ಪು ನೀಡಿತು. ಹೊಂಡ ತೋಡಿದವರು ಹೋದರು, ತೋಡಿದ ಹೊಂಡ ಉಳಿಯಿತು. ಅನೇಕ ಕಡೆ ಕಗ್ಗದ ಬೀಜವೂ ಉಳಿಯಲಿಲ್ಲ.

ಅಂಥ ನೆಲಕ್ಕೆ ಮೊದಲು ಬರುವ ಗಿಡಗಳಲ್ಲಿ ಇದೊಂದು. ಇದರ ದಂಟು ನೆಲದ ಮೇಲೆ ಹರಿಯುತ್ತ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಉಬ್ಬರದ ನೀರು ತುಂಡರಿಸಿ ಒಯ್ದ ದಂಟು ತೇಲುತ್ತ ಹೋಗಿ ತಟ್ಟಿದೆಡೆಯಲ್ಲಿ ಮತ್ತೆ ಬೇರೂರುತ್ತದೆ. ಹೂವಿಗೆ ನಿಜವಾದ ದಳಗಳಿಲ್ಲ. ಹೊರಗೆ ಹಸಿರು, ಒಳಗೆ ಗುಲಾಬಿಯಾದ ಐದು ಪುಷ್ಪಪತ್ರಗಳೇ ದಳಗಳ ಕೆಲಸವನ್ನು ಮಾಡುತ್ತವೆ. ಪ್ರತಿಯೊಂದರ ತುದಿಯ ಬೆನ್ನಿಗೆ ಸಣ್ಣ ಕೋಡಿನಂತಹ ಮೊನೆ ಇದೆ. ಕಾಯಿ ಬಲಿತಾಗ ಕುಂಕುಮದ ಭರಣಿಯ ಮುಚ್ಚಳದಂತೆ ಅದರ ಮೇಲ್ಭಾಗ ಕಳಚಿಕೊಳ್ಳುತ್ತದೆ. ಒಳಗೆ ಹೊಳೆಯುವ ಕರಿಯ ಬೀಜಗಳು.

ಉಪ್ಪಿನೊಡನೆ ಇದು ನಡೆಸುವ ವ್ಯವಹಾರ ಇನ್ನೂ ಸ್ವಾರಸ್ಯದ್ದು. ಅಳಿವೆಯ ಗಿಡಗಳೆಲ್ಲ ಉಪ್ಪನ್ನು ಒಂದೇ ರೀತಿಯಲ್ಲಿ ಎದುರಿಸುವುದಿಲ್ಲ. ಕಾಂಡ್ಲಾ ಗಿಡ ಬೇರಿನಲ್ಲಿಯೇ ಹೆಚ್ಚಿನ ಉಪ್ಪನ್ನು ತಡೆದು ಹೊರಗಿಡುತ್ತದೆ. ಇಪ್ಪಾಟಿಯು ಒಳಬಂದ ಉಪ್ಪನ್ನು ಎಲೆಯ ಮೇಲಿನ ಗ್ರಂಥಿಗಳಿಂದ ಹೊರಹಾಕುತ್ತದೆ. ಬೇಸಗೆಯಲ್ಲಿ ಅದರ ಎಲೆಯನ್ನು ನೆಕ್ಕಿದರೆ ಉಪ್ಪಿನ ಹರಳು ನಾಲಗೆಗೆ ಹತ್ತುತ್ತದೆ. ಈ ಗಿಡ ತಡೆಯುವುದೂ ಇಲ್ಲ, ಉಗುಳುವುದೂ ಇಲ್ಲ. ಬಂದ ಉಪ್ಪನ್ನು ಎಲೆಯ ಜೀವಕೋಶಗಳ ರಸದಾನಿಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ. ಕೋಶದ ಉಳಿದ ಭಾಗಕ್ಕೆ ಆ ಉಪ್ಪು ತಾಗದಂತೆ ನೋಡಿಕೊಂಡು, ಒಳಗಣ ಸಮತೂಕಕ್ಕಾಗಿ ಪ್ರೋಲೀನಿನಂತಹ ವಸ್ತುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸುತ್ತಲ ನೀರಿಗಿಂತ ತನ್ನೊಳಗು ಹೆಚ್ಚು ಸಾಂದ್ರವಾಗಿದ್ದರಷ್ಟೇ ಗಿಡಕ್ಕೆ ನೀರು ದಕ್ಕುವುದು. ಆದ್ದರಿಂದ ಇದರ ಪಾಲಿಗೆ ಉಪ್ಪು ಸಹಿಸಿಕೊಳ್ಳಬೇಕಾದ ಹಿಂಸೆ ಮಾತ್ರವಲ್ಲ, ನೀರೆಳೆಯುವ ಹಗ್ಗ. ಎಲೆ ದಪ್ಪವಾಗಿ ರಸ ತುಂಬಿಕೊಂಡಿರುವುದೂ ಇದಕ್ಕಾಗಿಯೇ. ಉಪ್ಪೇ ಇಲ್ಲದ ಮಣ್ಣಿಗಿಂತ ಒಂದಷ್ಟು ಉಪ್ಪಿರುವ ಮಣ್ಣಿನಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆಯೆಂದು ಪ್ರಯೋಗಗಳು ತೋರಿಸಿವೆ. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆ ತಪ್ಪಿಗೆ ತಕ್ಕ ದಂಡವನ್ನು ಹೇಳುತ್ತದೆ. ಈ ಗಿಡ ನೀರು ಕುಡಿಯುವುದಕ್ಕೆಂದೇ ಉಪ್ಪು ತಿನ್ನುತ್ತದೆ.

ಅಧ್ಯಾಪಕರು ಇದನ್ನೆಲ್ಲ ಓದಿದ್ದು ಒಂದು ಅನಿವಾರ್ಯದಿಂದ. ಹೊರ ಊರಿನವರೊಬ್ಬರು ಆ ಗಜನಿಯ ಹಿಡುವಳಿದಾರರನ್ನೆಲ್ಲ ಕಂಡು, ಐದು ವರ್ಷದ ಗೇಣಿಗೆ ಭೂಮಿಯನ್ನು ಕೊಟ್ಟರೆ ಹೊಂಡ ತೋಡಿ ಸೀಗಡಿ ಬೆಳೆಸುವುದಾಗಿ ಹೇಳಿದ್ದರು. ಹೇಳಿದ ಮೊತ್ತ ಕಡಿಮೆಯದಾಗಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ಅಣ್ಣ ಫೋನಿನಲ್ಲಿಯೇ ಒಪ್ಪಿದರು. ಕುಮಟೆಯಲ್ಲಿದ್ದ ತಂಗಿಯೂ ಒಪ್ಪಿದಳು. ಪಹಣಿಯಲ್ಲಿ ಮೂವರ ಹೆಸರೂ ಇದ್ದುದರಿಂದ ಅಧ್ಯಾಪಕರ ರುಜುವೊಂದು ಉಳಿದಿತ್ತು. ಅವರು ಕಾಗದವನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡು ದಿನಾ ಸಂಜೆ ಕಟ್ಟೆಯ ಮೇಲೆ ನಡೆದುಹೋಗತೊಡಗಿದರು. ಕಾಗದದಲ್ಲಿ ಭೂಮಿಯ ವಿವರಣೆ ಒಂದೇ ಪದದಲ್ಲಿತ್ತು: ಬೀಳು. ಸಮೀಕ್ಷೆಯ ಹುಡುಗ ಹಾಕಿಕೊಂಡು ಹೋದ ಪದವೇ ಅದು. ಏನೂ ಇಲ್ಲದ ನೆಲವೆಂದು ಬರೆದ ಮೇಲೆ ಅಲ್ಲಿ ಏನನ್ನು ಅಗೆದರೂ ನಷ್ಟವೆಂದು ಯಾರು ಹೇಳಿಯಾರು?

ಅವರು ತಮ್ಮ ಅಭ್ಯಾಸದಂತೆ ಪುಸ್ತಕಗಳ ಕಡೆಗೆ ಹೊರಳಿದರು. ತಮಿಳುನಾಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವರ ಕೈಗೆ ಬಂತು. ಲವಣ ಪೀಡಿತ ನೆಲದಲ್ಲಿ ಈ ಗಿಡವನ್ನು ಬೆಳೆಸಿ ತೆಗೆದರೆ ನಾಲ್ಕು ತಿಂಗಳಲ್ಲಿ ಒಂದು ಹೆಕ್ಟೇರಿನಿಂದ 474 ಕಿಲೋಗ್ರಾಂ ಉಪ್ಪನ್ನು ಹೊರತೆಗೆಯಬಹುದೆಂಬ ಅಂದಾಜು ಅದರಲ್ಲಿತ್ತು. ಎರಡೂವರೆ ಎಕರೆಯೆಂದರೆ ಹೆಚ್ಚುಕಡಿಮೆ ಒಂದು ಹೆಕ್ಟೇರು. ಐವತ್ತು ಕಿಲೋ ಮೂಟೆಯ ಲೆಕ್ಕದಲ್ಲಿ ಒಂಬತ್ತೂವರೆ ಮೂಟೆ ಉಪ್ಪು! ಸೀಸ, ಕ್ಯಾಡ್ಮಿಯಮ್‌ನಂತಹ ಲೋಹಗಳನ್ನೂ ಇದು ಮಣ್ಣಿನಿಂದ ಹೀರುತ್ತದೆಂದು ಬೇರೆಡೆ ಓದಿದರು. ಹಾಗಾಗಿ ಕಾರ್ಖಾನೆಯ ನೀರು ಹರಿದು ಬರುವ ಕಡೆ ಇದನ್ನು ಸೊಪ್ಪೆಂದು ತಿನ್ನುವುದು ಸಲ್ಲದು. ಹುಳುಗಳು ಪೊರೆ ಕಳಚುವುದಕ್ಕೆ ಕಾರಣವಾಗುವ ಎಕ್ಡೈಸೋನ್ ಬಗೆಯ ಹಾರ್ಮೋನೂ ಇದರ ದೇಹದಲ್ಲಿದೆ. ರೇಷ್ಮೆ ಹುಳುಗಳೆಲ್ಲ ಒಮ್ಮೆಗೇ ಹಣ್ಣಾಗಿ ಚಂದ್ರಿಕೆಗೆ ಏರುವಂತೆ ಮಾಡಲು ಇಂಥ ಸಸ್ಯಮೂಲದ ಹಾರ್ಮೋನನ್ನು ಬಳಸುವ ಪದ್ಧತಿಯಿದೆ. ಅಘನಾಶಿನಿಯ ಕೆಸರಿಗೂ ರಾಮನಗರದ ಚಂದ್ರಿಕೆಗೂ ಇಂಥದೊಂದು ಎಳೆ ಹಬ್ಬಿರಬಹುದೆಂದು ಯಾರು ಊಹಿಸಿದ್ದರು? ಹೀಗೆ ಟಿಪ್ಪಣಿಗಳು ಬೆಳೆದು ಒಂದು ನೋಟುಬುಕ್ಕು ತುಂಬಿತು. ತಂಗಿ ಬಂದ ದಿನ ಅದನ್ನವರು ಅವಳ ಮುಂದೆ ತೆರೆದರು.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಒಂಬತ್ತೂವರೆ ಮೂಟೆಯ ಲೆಕ್ಕಕ್ಕೆ ನಕ್ಕಳು ಕೂಡ. “ಅಣ್ಣ, ನೀ ನಾಕು ತಿಂಗಳಲ್ಲಿ ತೆಗೆದ ಉಪ್ಪನ್ನು ಹೊಳೆ ಒಂದೇ ಉಬ್ಬರಕ್ಕೆ ವಾಪಸ್ ತಂದು ಹಾಕ್ತದೆ. ಕಟ್ಟೆ ಎಲ್ಲಿದೆ?” ಎಂದಳು. ಕಟ್ಟೆ ಮುಚ್ಚಿದ ಹೊರತು ಆ ಲೆಕ್ಕ ಇಲ್ಲಿಗೆ ಹೊಂದದು ಎಂಬ ಅಂಶ ಅಧ್ಯಾಪಕರ ಗಮನಕ್ಕೆ ಬಂದಿರಲಿಲ್ಲ. ಆಮೇಲೆ ಅವಳು ಹೇಳಿದ ಮಾತು ಅವರನ್ನು ಬಹುಕಾಲ ಬಿಡಲಿಲ್ಲ: “ನಿಂಗೆ ಹೂಗು ಕಾಣ್ತದೆ. ನಂಗೆ ಅವ್ವನ ಕಾಲು ಕಾಣ್ತದೆ.”

ಆ ಕಾಲುಗಳನ್ನು ಅಧ್ಯಾಪಕರೂ ನೋಡಿದ್ದರು. ಉಪ್ಪುಕೆಸರಿನಲ್ಲಿ ದಿನವಿಡೀ ನಿಂತು ಬೆರಳ ಸಂದಿಯಲ್ಲಿ ಬಿರಿದು, ಹಿಮ್ಮಡಿ ಸೀಳಿ, ರಾತ್ರಿ ಕೊಬ್ಬರಿ ಎಣ್ಣೆ ಸವರಿಕೊಂಡು ಹಳೆಯ ಸೀರೆಯ ಚೂರು ಸುತ್ತಿಕೊಳ್ಳುತ್ತಿದ್ದ ಕಾಲುಗಳು. ಅವರು ಆಗ ಲಾಟೀನಿನ ಬೆಳಕಿನಲ್ಲಿ ಪರೀಕ್ಷೆಗೆ ಓದುತ್ತಿದ್ದರು. ಕಾಲಿಗೆ ಎಣ್ಣೆ ಸವರುತ್ತಿದ್ದವಳು ತಂಗಿ. ಶಾಲೆ ಬಿಟ್ಟು ತಾಯಿಯ ಜೊತೆ ಗದ್ದೆಗಿಳಿದವಳೂ ಅವಳೇ. ಅನಂತರದ ವರ್ಷಗಳಲ್ಲಿ ಅಧ್ಯಾಪಕರು ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಅದೆಷ್ಟೋ ತಂಡದ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಪಾರೋತಿ–ಸರಸೋತಿಯರ ದುಡಿಮೆಯನ್ನು ವಿವರಿಸುವಾಗ ಅವರ ದನಿ ಭಾರವಾಗುತ್ತಿತ್ತೆಂದು ಶಿಷ್ಯರು ಈಗಲೂ ನೆನೆಯುತ್ತಾರೆ. ಆದರೆ ತನ್ನ ಮನೆಯ ಸರಸೋತಿ ಮಣ್ಣಿಗೆ ಮರಳಲು ಒಲ್ಲೆನೆಂದರೆ ಅದಕ್ಕೊಂದು ನ್ಯಾಯವಿದೆ ಎಂಬುದನ್ನು ಯಾವ ಪಾಠಕ್ರಮವೂ ಅವರಿಗೆ ಕಲಿಸಿರಲಿಲ್ಲ. ನೆಲದ ಮೇಲಿನ ಅಭಿಮಾನ ನೆಲ ಬಿಟ್ಟು ಹೋದವರಲ್ಲಿಯೇ ಹೆಚ್ಚು. ಇದು ಅಭಿಮಾನವನ್ನು ಹೀಗಳೆಯುವ ಮಾತಲ್ಲ, ಅದರ ಬೆಲೆಯನ್ನು ಯಾರು ತೆತ್ತರೆಂದು ಕೇಳುವ ಮಾತು.

ತಾಯಿಯ ದೃಷ್ಟಿಯಲ್ಲಿ ಈ ಗಿಡ ಒಳಬಂತೆಂದರೆ ಗದ್ದೆ ಕೈಬಿಟ್ಟಿತೆಂದೇ ಅರ್ಥ. ಕಟ್ಟೆಯ ಹೊರಮೈಯಲ್ಲಿ ಅದು ಹಬ್ಬಿದ್ದರೆ ಅವರು ಮುಟ್ಟುತ್ತಿರಲಿಲ್ಲ. ಮಣ್ಣು ಹಿಡಿದಿಡುತ್ತದೆ, ಇರಲಿ ಎನ್ನುತ್ತಿದ್ದರು. ಒಳಬದಿಯಲ್ಲಿ ಒಂದು ಕುಡಿ ಕಂಡರೂ ಕಿತ್ತೆಸೆಯುತ್ತಿದ್ದರು. ಕಟ್ಟೆ ಒಡೆದ ಮರುವರ್ಷ, ನಡೆಯಲು ಕಷ್ಟವಾಗಿದ್ದ ಕಾಲದಲ್ಲಿ, ಗದ್ದೆ ನೋಡಬೇಕೆಂದು ಹಟಹಿಡಿದು ಬಂದವರು ದಂಡೆಯಲ್ಲಿ ಕುಳಿತು ಕೆಂಪು ಹಾಸನ್ನು ಬಹಳ ಹೊತ್ತು ನೋಡಿದರು. “ತಮಾ, ಹೊಳೆ ತನ್ನದನ್ನ ತಗಂತು” ಎಂದಷ್ಟೇ ಹೇಳಿದರು. ಮತ್ತೆ ಅವರು ಗಜನಿಯ ಕಡೆಗೆ ಬರಲಿಲ್ಲ.

2024ರ ಜನವರಿಯ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಚಹಾದಂಗಡಿಯಲ್ಲಿ ಅದಕ್ಕೆ ಬಗೆಬಗೆಯ ಅರ್ಥಗಳು ಹುಟ್ಟಿದುವು. ಗಜನಿಯೆಲ್ಲ ಸರಕಾರಕ್ಕೆ ಹೋಗುತ್ತದಂತೆ ಎಂದರು ಕೆಲವರು. ಹೊರದೇಶದ ದುಡ್ಡು ಬರುತ್ತದಂತೆ ಎಂದರು ಇನ್ನು ಕೆಲವರು. ಅಧ್ಯಾಪಕರು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳನ್ನು ತರಿಸಿ ಓದಿದರು. ಕಾಂಡ್ಲಾ ಕಾಡಿನಂತೆ ಉಪ್ಪು ಜೌಗು ನೆಲವೂ ಅತ್ಯಂತ ಸೂಕ್ಷ್ಮವಾದ ಮೊದಲ ವರ್ಗಕ್ಕೆ ಸೇರುತ್ತದೆಂದು 2011ರದ್ದೂ 2019ರದ್ದೂ ಹೇಳುತ್ತಿದ್ದುವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ‘ಉಪ್ಪು ಜೌಗು’ ಎಂಬ ಮಾತು ಕನ್ನಡದಲ್ಲಿ ಭಾಷಾಂತರಕ್ಕಾಗಿ ಮಾಡಿಕೊಂಡದ್ದು; ಅಳಿವೆಯಲ್ಲಿ ಬದುಕುವವರ ಬಾಯಲ್ಲಿ ಅದಿಲ್ಲ. ಕಾಯಿದೆಯು ಕಾಪಾಡುವ ನೆಲಕ್ಕೆ ಊರಲ್ಲಿ ಹೆಸರಿಲ್ಲ, ಊರಲ್ಲಿ ಹೆಸರಿರುವ ಗಜನಿ ಕಾಯಿದೆಯಲ್ಲಿಲ್ಲ, ಪಹಣಿಯಲ್ಲಿರುವುದು ಬೀಳು. ಒಂದೇ ಎರಡೂವರೆ ಎಕರೆಗೆ ಮೂರು ಪದ. ಒಂದೊಂದು ಪದವೂ ಒಂದೊಂದು ಭವಿಷ್ಯ. ಉಪ್ಪಿನ ಒಡೆತನದ ಪ್ರಶ್ನೆ ಆ ಜಿಲ್ಲೆಗೆ ಹೊಸದೇನಲ್ಲ. ಪಕ್ಕದ ಸಾಣಿಕಟ್ಟೆಯ ಆಗರಗಳಲ್ಲಿ ಇಂದಿಗೂ ಬಿಸಿಲಿನಲ್ಲಿ ಉಪ್ಪು ಬೆಳೆಯುತ್ತಾರೆ. 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪು ತಯಾರಿಸಿ ಕಾಯಿದೆ ಮುರಿದದ್ದು ನಾಡಿನ ಇತಿಹಾಸದಲ್ಲಿ ದಾಖಲಾಗಿದೆ. ಈ ಹೋಲಿಕೆಯನ್ನು ಅಧ್ಯಾಪಕರು ಹಿಡುವಳಿದಾರರ ಸಭೆಯಲ್ಲಿ ಎತ್ತಲು ಹೋಗಿ ಅರ್ಧದಲ್ಲಿಯೇ ಬಿಟ್ಟರು. ಅಲ್ಲಿ ಕೂತವರಿಗೆ ಬೇಕಾಗಿದ್ದುದು ಇತಿಹಾಸವಾಗಿರಲಿಲ್ಲ, ಕಟ್ಟೆಯ ಖರ್ಚಿನ ಲೆಕ್ಕವಾಗಿತ್ತು.

ಸಭೆ ನಡೆದುದು ಶಾಲೆಯ ಜಗಲಿಯಲ್ಲಿ. ಇಪ್ಪತ್ತಮೂರು ಹಿಡುವಳಿದಾರರಲ್ಲಿ ಹದಿನೇಳು ಮಂದಿ ಬಂದಿದ್ದರು. ಅಧ್ಯಾಪಕರು ರುಜು ಹಾಕದಿದ್ದರೂ ಉಳಿದವರು ಹಾಕಿದರೆ ಅವರ ತುಂಡು ನಾಲ್ಕೂ ಕಡೆ ಹೊಂಡಗಳ ನಡುವೆ ನಡುಗಡ್ಡೆಯಾಗಿ ನಿಲ್ಲುತ್ತದೆಯೆಂದು ಒಬ್ಬರು ಮೊದಲಲ್ಲಿಯೇ ಹೇಳಿಬಿಟ್ಟರು. ಗಜನಿಯ ಕರಾರಿನ ಇನ್ನೊಂದು ಮುಖ ಇದು: ಒಂಟಿಯಾಗಿ ಬೆಳೆಯಲಾಗದಂತೆ ಒಂಟಿಯಾಗಿ ಉಳಿಸುವುದೂ ಆಗದು. ಅಧಿಸೂಚನೆಯ ಪ್ರತಿಯನ್ನು ಅವರು ಓದಿ ಹೇಳಿದರು. ಹೊಂಡ ತೋಡಿದ ಮೇಲೆ ತಕರಾರು ಬಂದರೆ ಉತ್ತರ ಕೊಡಬೇಕಾದವರು ಪಹಣಿಯಲ್ಲಿ ಹೆಸರಿದ್ದವರು, ಗೇಣಿಗೆ ಹಿಡಿದವರಲ್ಲ ಎಂದಾಗ ಗುಸುಗುಸು ಎದ್ದಿತು. ಆದರೆ ಸಭೆಯನ್ನು ತಿರುಗಿಸಿದ್ದು ಆ ಮಾತಲ್ಲ. ಹಿಂದೆ ಕಂಬಕ್ಕೊರಗಿ ನಿಂತಿದ್ದ ತಂಗಿ, ಯಾರೂ ಕೇಳದೆಯೇ, ಮಾಣಿಕಟ್ಟಾದ ಕಡೆ ಕಗ್ಗದ ಬೀಜ ಇನ್ನೂ ಇದೆಯೆಂದಳು. ಒಡೆದ ಜಾಗ ಹನ್ನೆರಡು ಮಾರು ಮಾತ್ರ, ಜಂತ್ರದ ಹಲಗೆ ಹೊಸದು ಬೇಕು, ಮಣ್ಣು ಹೊರಲು ಆಳು ಸಿಗುವುದಿಲ್ಲ, ಯಂತ್ರಕ್ಕೆ ಗಂಟೆಗಿಷ್ಟು ಎಂದು ಬೆರಳು ಮಡಿಸುತ್ತ ಹೇಳಿದಳು. ಕೊನೆಗೆ ಅಣ್ಣನ ಕಡೆ ನೋಡಿ, “ಗದ್ದೆಗಿಳಿಯುವುದಾದರೆ ನೀನೂ ಇಳೀಬೇಕು, ಕಟ್ಟೆ ಮೇಲೆ ನಿಂತು ನೋಡೂದಲ್ಲ” ಎಂದು ಎಲ್ಲರ ಮುಂದೆ ಹೇಳಿದಳು. ನಗು ಎದ್ದಿತು. ಆ ನಗೆಯಲ್ಲಿಯೇ ಅರ್ಧ ಒಪ್ಪಿಗೆ ಮೂಡಿತೆನ್ನಬಹುದು. ಎಲ್ಲರೂ ಒಪ್ಪಲಿಲ್ಲ. ಒಂದು ವರ್ಷ ನೋಡೋಣ ಎಂಬಲ್ಲಿಗೆ ಮಾತು ನಿಂತಿತು. ಗೇಣಿಯ ಕಾಗದ ಹರಿಯಲಿಲ್ಲ, ಖಾನೆಯಲ್ಲಿಯೇ ಉಳಿಯಿತು.

ಆ ಬೇಸಗೆಯಲ್ಲಿ ಕಟ್ಟೆಯ ಬಿರುಕು ಮುಚ್ಚಿತು. ಅಧ್ಯಾಪಕರ ಪಿಂಚಣಿಯ ಹಣದ ಒಂದು ಪಾಲು ಜಂತ್ರದ ಹಲಗೆಗಳಾಯಿತು. ಗದ್ದೆಯೊಳಗಿನ ಕೆಂಪು ಹಾಸನ್ನು ಕೀಳುವ ಕೆಲಸಕ್ಕೆ ತಂಗಿಯೊಡನೆ ಅವರೂ ಇಳಿದರು. ಹೂವನ್ನು ಉಳಿಸಬೇಕೆಂದು ರುಜು ತಡೆದವರೇ ಅದನ್ನು ಬುಡಸಹಿತ ಕೀಳಬೇಕಾಗಿ ಬಂದುದನ್ನು ಅವರು ಯಾರೊಡನೆಯೂ ಹೇಳಿಕೊಳ್ಳಲಿಲ್ಲ. ಕೀಳುವುದು ಸುಲಭವೂ ಆಗಿರಲಿಲ್ಲ. ಒಂದು ಎಳೆದರೆ ಹತ್ತು ಗೆಣ್ಣುಗಳು ಹತ್ತು ಕಡೆ ನೆಲವನ್ನು ಹಿಡಿದುಕೊಂಡಿದ್ದುವು. ಮೂರನೆಯ ದಿನಕ್ಕೆ ಅವರ ಬೆರಳ ಸಂದಿಗಳು ಬಿರಿದುವು. ರಾತ್ರಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಂಗಿ ಮಾತಿಲ್ಲದೆ ಮುಂದಿಟ್ಟಳು. ಕಿತ್ತ ಗಿಡವನ್ನು ಅವಳು ಎಸೆಯಲಿಲ್ಲ. ಬುಟ್ಟಿಯಲ್ಲಿ ಹೊತ್ತು ಕಟ್ಟೆಯ ಹೊರಮೈಗೆ ಒಯ್ದು, ಹೊಸ ಮಣ್ಣು ಬಿದ್ದ ಇಳಿಜಾರಿನ ಮೇಲೆ ಹರಡಿ ಕಾಲಿನಿಂದ ಒತ್ತಿದಳು. ಜೂನಿನ ಹೊತ್ತಿಗೆ ಅವು ಬೇರು ಹಿಡಿದಿದ್ದುವು. ಮೊದಲ ದೊಡ್ಡ ಮಳೆಗೆ ಕಟ್ಟೆಯ ಒಳಮೈ ಎರಡು ಕಡೆ ಜಾರಿತು, ಹೊರಮೈ ಜಾರಲಿಲ್ಲ.

ಬೀಜ ಎರಚಿದ ಸಂಜೆ ಅಧ್ಯಾಪಕರು ಹೊರಮೈಯಿಂದ ಒಂದು ಹಿಡಿ ಎಲೆ ಕೊಯ್ದು ತಂದರು. ಚಿಕ್ಕಂದಿನಲ್ಲಿ ಆಷಾಢದ ಇಲ್ಲದ ದಿನಗಳಲ್ಲಿ ತಾಯಿ ಇದರ ಪಲ್ಯ ಮಾಡುತ್ತಿದ್ದುದು ಅವರ ನೆನಪಿನಲ್ಲಿತ್ತು. ಎಲೆಯನ್ನು ಬೇಯಿಸಿ ನೀರು ಚೆಲ್ಲಿದರು. ಕಾಯಿತುರಿ, ಒಣಮೆಣಸು, ಸಾಸಿವೆ ಒಗ್ಗರಣೆ ಎಲ್ಲವನ್ನೂ ಹಾಕಿದರು. ಉಪ್ಪನ್ನು ಮಾತ್ರ ಹಾಕಲಿಲ್ಲ. ಅಷ್ಟು ಎಚ್ಚರ ಅವರಿಗಿತ್ತು. ಆದರೂ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ನೋಟುಬುಕ್ಕಿನ ಯಾವ ಪುಟದಲ್ಲಿಯೂ ಅದಕ್ಕೆ ಪರಿಹಾರವಿರಲಿಲ್ಲ. ಅವರು ತಂಗಿಗೆ ಫೋನು ಮಾಡಿದರು.

“ಎಷ್ಟು ನೀರು ಚೆಲ್ಲಿದೆ?” ಎಂದು ಅವಳು ಕೇಳಿದಳು.

“ಒಂದು.”

“ಅವ್ವ ಎರಡು ಚೆಲ್ತಿದ್ದಳು. ಎರಡನೇದಕ್ಕೆ ಒಂದು ಚೂರು ಹುಣಸೆ ಹಣ್ಣು ಹಾಕ್ತಿದ್ದಳು,” ಎಂದಳು ಅವಳು. ಸ್ವಲ್ಪ ತಡೆದು, “ಉಳಿದಿದ್ರೆ ಇಟ್ಕ. ನಾಳೆ ನೀರು ನೋಡೂಕೆ ಬರ್ತೆ, ಆಗ ಮಾಡಿ ಕೊಡ್ತೆ,” ಎಂದು ಸೇರಿಸಿದಳು.